ಉತ್ತರದ ಹುಂಜ

ಗಂಜಿ ಇನ್ನೂ ಕುದಿಯುತ್ತಿತ್ತು. ಮಾವಿನ ಮರದ ಕೆಳಗೆ ಮಕ್ಕಳು ತಟ್ಟೆ ಹಿಡಿದು ಕೂತಿದ್ದರು. ಅವರಲ್ಲಿ ಅರ್ಧಕ್ಕರ್ಧ ಹೆತ್ತವರನ್ನು ಮಣ್ಣಿಗೆ ಕೊಟ್ಟು ಅಜ್ಜಿಯರ ಮಡಿಲು ಸೇರಿದವರು. ಅಲಿನಾಫೆ ಸೌಟು ಹಿಡಿದು ತಲೆಯೆತ್ತಿದಾಗ ಸರೋವರದ ಕಡೆಯ ದಾರಿಯಲ್ಲಿ ವೊಂಗಾನಿ ಬರುತ್ತಿದ್ದ. ಕಂಕುಳಲ್ಲಿ ಒಂದು ಕೆಂಪು ಹುಂಜ.

ಹೋದವನು ಇನ್ನು ಬರಲಾರ ಎಂದುಕೊಂಡಿದ್ದಳು.

ಈ ಶಾಲೆ ಶುರುವಾದದ್ದು ಅವಳ ಹಠದಿಂದ. ಮನೆಮನೆಯಲ್ಲಿ ಬೊಗಸೆ ಮೆಕ್ಕೆಜೋಳದ ಹಿಟ್ಟು ಬೇಡಿ ತಂದು, ಗಂಜಿ ಕಾಯಿಸಿ, ಇದೇ ಮರದ ಕೆಳಗೆ ಅಕ್ಷರ ಕಲಿಸತೊಡಗಿದ್ದಳು. ಮಳೆಗೆ ಮೊದಲು ಗೋಡೆ ಏಳಬೇಕೆಂದು ಊರವರು ಉತ್ತರದ ರುಂಫಿಯಿಂದ ಇಟ್ಟಿಗೆ ಕೆಲಸದವನನ್ನು ಕರೆಸಿದರು. ಅವನೇ ವೊಂಗಾನಿ. ಹೆಂಗಸರು ನೀರು ಹೊತ್ತರು, ಅವನು ಮಣ್ಣು ತುಳಿದ. ಅಲಿನಾಫೆ ಕೊಡ ಬಗ್ಗಿಸಿದಾಗಲೆಲ್ಲ ಅವನ ಅಚ್ಚಿನ ಇಟ್ಟಿಗೆ ಸೊಟ್ಟಗಾಗುತ್ತಿತ್ತು.

"ನನ್ನ ಕಡೆ ನೋಡ್ತಾ ಇಟ್ಟಿಗೆ ಹಾಕಿದ್ರೆ ಗೋಡೆನೂ ನನ್ನ ಕಡೆಗೇ ವಾಲತ್ತೆ."

"ವಾಲಲಿ. ನೀನೇ ಆನಿಸ್ಕೋ."

ತಗಡು ಹೊದಿಸಿದ ದಿನ, ಮದುವೆ ಆಗ್ತೀಯಾ ಎಂದು ಕೇಳಿದ್ದ. ಅವಳಿಗೂ ಮನಸ್ಸಿತ್ತು. ಆದರೆ ಉತ್ತರದವರು ದನ ಕೊಟ್ಟು ಹೆಣ್ಣನ್ನು ತಮ್ಮೂರಿಗೆ ಕರೆದೊಯ್ಯುತ್ತಾರೆ. ಇಲ್ಲಿಯವರಲ್ಲಿ ಅಳಿಯನೇ ಹೆಂಡತಿಯ ಊರಿಗೆ ಬರುತ್ತಾನೆ.

"ನಾನು ನಿಮ್ಮೂರಿಗೆ ಬಂದ್ರೆ, ಬೆಳಗಾದ್ರೆ ಈ ಬಾಗಿಲು ಯಾರು ತೆಗೀತಾರೆ?" ಎಂದಿದ್ದಳು. ಅವನು ಕೈಯ ಮಣ್ಣು ತೊಳೆದುಕೊಂಡು ಬಸ್ಸು ಹತ್ತಿದ್ದ.

ಈಗ ನೇರ ಅವಳ ಮುಂದೆ ಬಂದು ಹುಂಜವನ್ನು ಚಾಚಿದ. "ತಗೋ."

"ಮಕ್ಕಳಿಗೆ ಸಾರಿಗಾ?"

"ಸಾರಿಗಲ್ಲ. ನಿಮ್ಮಲ್ಲಿ ಹೆಣ್ಣು ಕೇಳೋಕೆ ಹುಂಜ ತರ್ತಾರಂತಲ್ಲ."

ಒಲೆಯ ಮುಂದಿದ್ದ ಅವಳ ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಮಂಕೇ, ಅದನ್ನ ಹುಡುಗಿ ಕೈಗೆ ಕೊಡ್ತಾರೇನೋ? ನಿಮ್ಮ ಹಿರಿಯರು ಅವಳ ಸೋದರಮಾವನ ಕೈಗೆ ಕೊಡಬೇಕು. ಹುಡುಗಿ ಒಪ್ಪಿದ್ರೆ ನಮ್ಮ ಕಡೆಯಿಂದ ಒಂದು ಹೇಂಟೆ."

"ಚಿಕ್ಕಪ್ಪ ಬಂದಿದ್ದಾರೆ ಅಜ್ಜಿ, ಬಸ್ಸಿನ ಧೂಳು ತೊಳ್ಕೋತಿದ್ದಾರೆ. ನನಗೇ ತಡೀಲಿಲ್ಲ."

ಅಲಿನಾಫೆ ನಗಲಿಲ್ಲ. "ಹುಂಜ ತಂದೋನು ಇಲ್ಲೇ ಉಳೀಬೇಕಾಗತ್ತೆ. ಗೊತ್ತಾ?"

"ಗೊತ್ತಿದ್ದೇ ತಂದೆ."

"ನಿಮ್ಮಪ್ಪ?"

"ಮನೆಅಳಿಯ ಆಗಲಿ ಅಂತ ಸಾಕಿದ್ನಾ ಅಂತ ಕೂಗಾಡಿದ್ರು. ಆಮೇಲೆ ಮಾತೇ ಬಿಟ್ರು. ಹೊರಡೋ ಬೆಳಗ್ಗೆ ನೋಡಿದ್ರೆ, ಅಂಗಳದಲ್ಲಿ ತಾವೇ ಇದನ್ನ ಅಟ್ಟಿಸ್ಕೊಂಡು ಹೋಗ್ತಿದ್ದಾರೆ. ಕೊಡೋದಾದ್ರೆ ಊರಿಗೇ ಕೇಳೋ ಹಾಗೆ ಕೂಗೋ ಹುಂಜ ಕೊಡು, ಬಡಕಲು ಕೊಟ್ಟು ನಮ್ಮ ಮಾನ ಕಳೀಬೇಡ ಅಂದ್ರು."

"ಇಲ್ಲಿದ್ದು ಏನು ಮಾಡ್ತೀಯ?"

"ಇಷ್ಟು ಮಕ್ಕಳಿಗೆ ಒಂದು ಕೋಣೆ ಸಾಕಾ? ಇನ್ನೊಂದಕ್ಕೆ ಮಣ್ಣು ತುಳೀತೀನಿ. ನೀರು ಹೊರೋರು ಇದ್ರೆ."

ಅವನ ಕೊರಳಿಗೆ ಒಂದು ಪುಕ್ಕ ಅಂಟಿಕೊಂಡಿತ್ತು. ಅವಳು ಕೈ ಚಾಚಿ ತೆಗೆದಳು. ಒಂದು ಪುಕ್ಕ ತೆಗೆಯಲು ಅಷ್ಟು ಹೊತ್ತು ಬೇಕಿರಲಿಲ್ಲ. ಅವನು ಹುಂಜವನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡ.

"ಮಾವ ದೋಣಿ ಹತ್ರ ಬಲೆ ಒಣಗಿಸ್ತಿದ್ದಾರೆ. ಚಿಕ್ಕಪ್ಪನ್ನ ಮುಂದೆ ಬಿಟ್ಕೊಂಡು ಹೋಗು. ನೀನು ಮಾತ್ರ ಬಾಯಿ ಬಿಡಬೇಡ."

"ನೀನು ಏನೂ ಹೇಳಲೇ ಇಲ್ಲವಲ್ಲ?"

ಅವಳು ಮೊದಲ ಮಗುವಿನ ತಟ್ಟೆಗೆ ಗಂಜಿ ಬಡಿಸಿದಳು. ಅವನು ದಾರಿಗೆ ತಿರುಗಿ ನಾಲ್ಕು ಹೆಜ್ಜೆ ಹಾಕಿದ ಮೇಲೆ, ಅವನಿಗೆ ಕೇಳಿಸುವಷ್ಟೇ ದನಿಯೇರಿಸಿ ಅಂದಳು:

"ಅಜ್ಜೀ, ನಮ್ಮ ಕರಿ ಹೇಂಟೆನ ಸಂತೆಗೆ ಕಳಿಸಬೇಡ."