ಖಾಲಿ ಬಿಟ್ಟ ಜಾಗ

"ಕಣ್ಣಿಗೆ ಕಾಣದ್ದನ್ನ ಹೇಗ್ರೀ ಬರೆದ್ರಿ?"

ಊರ್ಮಿಳಾ ಅವನೊಡನೆ ಆಡಿದ ಮೊದಲ ಮಾತೇ ಅದು. ಲ್ಯಾಬಿಗೆ ಹೊಸದಾಗಿ ಸೇರಿದ್ದ ಶ್ಯಾಮಸುಂದರನ ಸೀಮೆಸುಣ್ಣ ಕರಿಹಲಗೆಯ ಮೇಲೇ ನಿಂತುಬಿಟ್ಟಿತು.

ಪೀಣ್ಯದ ಲೇತ್ ಯಂತ್ರಗಳ ಸದ್ದಿನ ನಡುವೆ, ಬೀಜದ ಕಂಪನಿಯೊಂದರ ಮಹಡಿಯಲ್ಲಿದ್ದ ಪುಟ್ಟ ಲ್ಯಾಬ್ ಅದು. ಇಸವಿ ೧೯೮೮. ಕೊಬ್ಬನ್ನು ಒಂದು ಪೊರೆಯಿಂದ ಇನ್ನೊಂದಕ್ಕೆ ಸಾಗಿಸುವ ಚಿಕ್ಕ ಪ್ರೋಟೀನೊಂದನ್ನು ರಾಗಿ ಮೊಳಕೆಯಿಂದ ತೆಗೆದಿದ್ದರು. ಅದರ ಸರಪಳಿಯನ್ನು ತುದಿಯಿಂದ ಒಂದೊಂದೇ ಕೊಂಡಿಯಾಗಿ ಕಳಚಿ, ಯಾವುದರ ನಂತರ ಯಾವುದು ಎಂದು ಗುರುತಿಸುವುದು ಅವರ ಕೆಲಸ. ಸಿಸ್ಟೀನ್ ಎಂಬ ಕೊಂಡಿ ಮಾತ್ರ ಕಳಚುವಾಗಲೇ ಹಾಳಾಗುತ್ತದೆ. ಅಂಥ ಜಾಗಗಳು ಖಾಲಿಯಾಗಿ ಕಾಣುತ್ತವೆ. ಅಲ್ಲೆಲ್ಲ ಅವನು ಸಿಸ್ಟೀನ್ ಎಂದೇ ಬರೆದುಬಿಟ್ಟಿದ್ದ.

"ಬೇರೆ ಗಿಡಗಳಲ್ಲಿ ಅಲ್ಲಿ ಸಿಸ್ಟೀನೇ ಇದೆ ಮೇಡಂ," ಎಂದ ಮೆಲ್ಲಗೆ.

"ಇರಬಹುದು. ರಾಗಿ ಹೇಳೋ ತನಕ ಖಾಲಿ ಬಿಡಿ. ಊಹೆ ತುಂಬಬೇಡಿ."

ಅವನು ವಾದಿಸದೆ ಅಳಿಸಿದ. ಎಷ್ಟು ಜನ ಹೀಗೆ ಅಳಿಸುತ್ತಾರೆ... ಎಂದುಕೊಂಡಳು ಅವಳು.

ಆಮೇಲೆ ಅವನಿಲ್ಲದ ದಿನಗಳು ಉದ್ದವಾಗತೊಡಗಿದವು. ಅವನು ತುಮಕೂರಿನ ಕಡೆಯಿಂದ ರೈಲಿನಲ್ಲಿ ಬಂದು ಚಿಕ್ಕಬಾಣಾವರದಲ್ಲಿ ಇಳಿಯುತ್ತಿದ್ದ. ರೈಲು ತಡವಾದರೆ ಇವಳ ಕಣ್ಣು ಗೇಟಿನ ಕಡೆಗೇ. ಗಾಜಿನ ಸಾಮಾನು ತೊಳೆಯುವ ವೆಂಕಟಮ್ಮನಿಗೆ ಎಲ್ಲ ಗೊತ್ತಾಗುತ್ತಿತ್ತು.

"ಒಂದೇ ಡಬ್ಬೀಲಿ ಉಣ್ತೀರ, ಮಾತು ಮಾತ್ರ ಬರೀ ರಾಗೀದೇ. ಅದೆಂಥ ರಾಗಿ ಕಣವ್ವ!"

ಊರ್ಮಿಳಾ ನಕ್ಕುಬಿಡುತ್ತಿದ್ದಳು. ಅವನೂ ಅಷ್ಟೇ.

ಒಂದು ಸೋಮವಾರ ಅವಳೇ ಬಾಯಿಬಿಟ್ಟಳು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಅಪ್ಪನ ಜೊತೆ ಕೆಲಸ ಮಾಡುವವರೊಬ್ಬರು ಬರುವ ಭಾನುವಾರ ಮಗನಿಗಾಗಿ ಅವಳನ್ನು ನೋಡಲು ಮನೆಗೆ ಬರುತ್ತಾರೆ. ಅಪ್ಪನಿಗೂ ಇಷ್ಟವಿದೆ. ಹೇಳಿ, ಅವನ ಉತ್ತರಕ್ಕೆ ಕಾದಳು.

ಶ್ಯಾಮಸುಂದರ ಕೈಯಲ್ಲಿದ್ದ ಗಾಜಿನ ನಳಿಕೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಮಾರನೇ ದಿನ ರಜಾ ಬೇಕಾಗುತ್ತಾ ಮೇಡಂ?"

ಅಷ್ಟೇ!

ಅವತ್ತಿನಿಂದ ಅವಳು ಡಬ್ಬಿಯನ್ನು ಒಬ್ಬಳೇ ಬಿಚ್ಚಿದಳು. ಸಂಜೆ ಬಸ್ ಸ್ಟಾಪಿನಲ್ಲಿ, ಅವನು ಹಿಂದಿನಿಂದ ಕರೆದಾನು ಎಂದು ಬಂದ ಬಸ್ಸನ್ನು ಬಿಟ್ಟು ನಿಂತಳು. 'ಬೇಡ ಅಂತ ಒಂದು ಮಾತು ಸಾಕಿತ್ತು... ಅವನ ಮನಸ್ಸಿನಲ್ಲಿ ನಾನು ಇಲ್ಲವೇ ಇಲ್ಲ.'

ಶನಿವಾರ ಮಧ್ಯಾಹ್ನ ಶ್ಯಾಮಸುಂದರ ಕಳಚಿದ ಕೊಂಡಿಗಳು ಚುಕ್ಕೆಗಳಾಗಿ ಮೂಡುವ ಗಾಜಿನ ಹಲಗೆಯನ್ನು ಹಿಡಿದು ಅವಳ ಮೇಜಿನ ಬಳಿ ಬಂದ. ಸಿಸ್ಟೀನ್ ಹಾಳಾಗದಂತೆ ಮೊದಲೇ ರಾಸಾಯನಿಕ ಹಾಕಿ ಕಾಪಾಡಿ, ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿದ್ದ. ಖಾಲಿ ಇದ್ದ ಜಾಗಗಳಿಗೆಲ್ಲ ಈಗ ಸ್ಪಷ್ಟವಾದ ಚುಕ್ಕೆ ಬಂದಿತ್ತು.

"ಸಿಸ್ಟೀನ್," ಎಂದಳು ಊರ್ಮಿಳಾ. "ನಿಮ್ಮ ಊಹೆ ಸರಿಯಾಗೇ ಇತ್ತು."

ಅವನು ತಲೆಯಾಡಿಸಿ ಹೊರಟ. ಅವಳಿಗೆ ತಡೆಯಲಾಗಲಿಲ್ಲ.

"ರಾಗಿ ಬಗ್ಗೆ ಅಷ್ಟು ಊಹೆ ಮಾಡಿದೋರು, ನನ್ನ ಬಗ್ಗೆ ಒಂದೂ ಮಾಡ್ಲಿಲ್ವಲ್ಲ?"

ಅವನು ತಿರುಗಿದ. ಮುಖ ಬಾಡಿತ್ತು.

"ನೀವೇ ಹೇಳಿದ್ರಲ್ಲ, ಕಾಣದ್ದನ್ನ ಬರೀಬಾರದು ಅಂತ... ನನ್ನ ಮನಸ್ಸು ನನಗೆ ಗೊತ್ತಿತ್ತು. ನಿಮ್ಮದು ಕಾಣ್ಲಿಲ್ಲ. ಖಾಲಿ ಬಿಟ್ಟೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ತಾನೇ ಕಲಿಸಿದ ಪಾಠ! ಕಣ್ಣೊರೆಸಿಕೊಂಡು ಕರಿಹಲಗೆಯ ಬಳಿ ಹೋದಳು. ಎರಡು ಖಾಲಿ ಜಾಗಗಳಲ್ಲಿ ಸಿಸ್ಟೀನ್ ಎಂದು ಬರೆದು, ನಡುವೆ ಗೆರೆ ಎಳೆದಳು. ಈ ಪ್ರೋಟೀನಿನಲ್ಲಿ ಅವು ಜೋಡಿಜೋಡಿಯಾಗಿ ಬೆಸೆದುಕೊಂಡರೇನೇ ಸರಪಳಿ ಗಟ್ಟಿ ನಿಲ್ಲುವುದು.

"ಯಾವುದಕ್ಕೆ ಯಾವುದು ಜೋಡಿ ಅಂತ ಇನ್ನೂ ಗೊತ್ತಿಲ್ಲ ಮೇಡಂ," ಎಂದ, ಅಭ್ಯಾಸಬಲದಿಂದ.

"ಅದನ್ನ ರಾಗಿ ಹೇಳ್ಲಿ. ನನ್ನದನ್ನ ನಾನೇ ಹೇಳ್ತೀನಿ. ಇವತ್ತು ಸಂಜೆ ಅಪ್ಪನಿಗೂ ಹೇಳ್ತೀನಿ, ನಾಳೆ ಯಾರೂ ಬರೋದು ಬೇಡ ಅಂತ. ನೀವು ಜೊತೆಗೆ ಬರ್ತೀರಾ?"

"ಬರ್ತೀನಿ ಮೇಡಂ."

ಅವಳು ಸೀಮೆಸುಣ್ಣವನ್ನು ಅವನ ಅಂಗೈಯಲ್ಲಿಟ್ಟಳು. ಬೆರಳನ್ನು ಹಿಂದಕ್ಕೆ ತೆಗೆಯಲಿಲ್ಲ.

"ಅಲ್ಲೂ ಮೇಡಂ ಅಂತೀರಾ?"

"ಇಲ್ಲ... ಊರ್ಮಿಳಾ."