ನೋಟೀಸಿನ ಕೆಳಗಿದ್ದ ಹೆಸರು

ಲೋಲಾಕ್ಷಿ ಬೀಡಿ ಕಟ್ಟುಗಳನ್ನು ಒಂದೊಂದಾಗಿ ಚೀಲದಿಂದ ತೆಗೆದು, ಅಂಗೈಗೆ ತಟ್ಟಿ ತುದಿ ಸಮ ಮಾಡಿ, ಬುಟ್ಟಿಗೆ ಜೋಡಿಸುತ್ತಿದ್ದಳು. ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಜಗಲಿಯಲ್ಲಿ ಹತ್ತಾರು ಹೆಂಗಸರಿದ್ದರೂ ಮಾತಿರಲಿಲ್ಲ. ಒಳಗೆ ಬ್ರಾಂಚು ನಡೆಸುವ ರುಕ್ಮಯ್ಯ ಬೀಡಿ ಪರೀಕ್ಷಿಸುತ್ತಿದ್ದ. ಇವತ್ತು ಯಾರ ಕಟ್ಟನ್ನು ಆಚೆ ಎಸೆಯುತ್ತಾನೋ!

ಆಗಲೇ ಒಬ್ಬ ಹುಡುಗ ಬಂದದ್ದು.

ಇಸ್ತ್ರಿ ಹಾಕಿದ ಅಂಗಿ, ಹೆಗಲಿಗೆ ಕಾಲೇಜಿನ ಬ್ಯಾಗು, ಕೈಯಲ್ಲಿ ಬೀಡಿ ತುಂಬಿದ ಬಟ್ಟೆಯ ಚೀಲ. ಅವಳ ಪಕ್ಕದಲ್ಲೇ ನಿಂತ. ಅಷ್ಟರಲ್ಲಿ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಕಡೆಯಿಂದ ನಾಲ್ಕೈದು ಹುಡುಗರು ನಗುತ್ತಾ ಬಂದರು.

"ಓಯ್ ಶಂಭೂ! ಇಲ್ಲೆಂತ ಮಾಡ್ತಿದ್ದಿ ಮಾರಾಯ?"

ಅವನ ಮುಖ ಬಿಳುಚಿತು. ಮರುಕ್ಷಣ ಆ ಚೀಲ ಲೋಲಾಕ್ಷಿಯ ಮಡಿಲಲ್ಲಿತ್ತು!

"ಎಂತ ಇಲ್ಲ... ಒಬ್ಬರ ಮನೆ ಕೇಳ್ಲಿಕ್ಕೆ ಬಂದೆ," ಎನ್ನುತ್ತಾ ಅವನು ಅವರೊಡನೆ ಹೊರಟೇಹೋದ.

ಲೋಲಾಕ್ಷಿ ಯಾರಿಗೂ ಏನೂ ಹೇಳಲಿಲ್ಲ. ತನ್ನ ಬೀಡಿಯ ಜೊತೆಗೆ ಆ ಬೀಡಿಯನ್ನೂ ರುಕ್ಮಯ್ಯನಿಗೆ ತೋರಿಸಿದಳು. ಒಂದು ಗಂಟೆ ಕಳೆದ ಮೇಲೆ ಶಂಭು ತಲೆ ತಗ್ಗಿಸಿಕೊಂಡು ಮರಳಿ ಬಂದ.

"ಅಮ್ಮ ಕಟ್ಟಿದ್ದು ಅದು... ಕಾಲೇಜಿನವರಿಗೆ ಗೊತ್ತಾಗುವುದು ಬೇಡ ಅಂತ..."

'ಗೊತ್ತಾದರೆ ನಿಮ್ಮದೇನು ಕಡಿಮೆಯಾಗುತ್ತದೆ?' ನಾಲಿಗೆಯ ತುದಿಗೆ ಬಂತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಡಿಗ್ರಿ ಓದುವವನ ಎದುರು ಅದನ್ನು ಹೇಳಲು ಧೈರ್ಯ ಸಾಲಲಿಲ್ಲ.

"ಎರಡೇ ಕಟ್ಟು ಬಿಸಾಡಿದ್ರು. ಬಾಕಿದ್ದೆಲ್ಲ ಪಾಸ್," ಎಂದಷ್ಟೇ ಹೇಳಿ ಖಾಲಿ ಚೀಲ ಕೊಟ್ಟಳು.

ಆಮೇಲೆ ಪ್ರತಿ ಶನಿವಾರವೂ ಅವನು ಬಂದ. ಅವಳ ಬಳಿ ಕುಳಿತು ಕಾಲೇಜಿನ ಸುದ್ದಿ ಹೇಳಿದ, ಓದಲು ಪತ್ರಿಕೆ ತಂದುಕೊಟ್ಟ. ವಿದ್ಯಾರ್ಥಿ ಸಂಘದ ಅಧ್ಯಕ್ಷನಾಗಿ ಗೆದ್ದಾಗ ಮೊದಲು ಓಡಿ ಬಂದು ಹೇಳಿದ್ದೂ ಅವಳಿಗೇ! ಆದರೆ ಲೋಲಾಕ್ಷಿ ಒಂದನ್ನು ಗಮನಿಸಿದ್ದಳು. ಅವನು ಯಾವಾಗಲೂ ರಸ್ತೆಗೆ ಕಾಣದಂತೆ, ಕಂಬದ ಮರೆಯಲ್ಲೇ ಕೂರುತ್ತಿದ್ದ.

'ನಾಚಿಕೆ ಬೀಡಿಯದ್ದೋ... ನನ್ನದೋ?'

ಆ ವರ್ಷ ಮಳೆ ಮುಗಿಯುವ ಹೊತ್ತಿಗೆ ಕಂಪನಿಯಿಂದ ಬ್ರಾಂಚಿಗೆ ಬೀಡಿ ಎಲೆ ಬರುವುದು ಕಡಿಮೆಯಾಯಿತು. ವಾರಕ್ಕೆ ಮೂರೇ ದಿನ ಕೆಲಸ. ಆರು ದಿನವೂ ಕೆಲಸ ಕೊಡಿಸಿ ಎಂದು ಕೇಳಲು ಕಂಪನಿಯಿರುವ ಬಂಟ್ವಾಳದ ತಾಲೂಕು ಕಚೇರಿಗೆ ಮೆರವಣಿಗೆ ಹೋಗುವುದೆಂದು ಬೀಡಿ ಕಟ್ಟುವವರು ತೀರ್ಮಾನಿಸಿದರು.

"ನಿನ್ನ ಅಧ್ಯಕ್ಷರ ಹತ್ರ ಕೇಳು. ಕಾಲೇಜಿನ ಸಂಘ ನಮ್ಮೊಟ್ಟಿಗೆ ಬರ್ತದಾ ಅಂತ," ಎಂದಳು ಪಕ್ಕದ ಮನೆಯ ಸೈನಬ.

"ನನ್ನ ಅಧ್ಯಕ್ಷರಾ?"

"ಮತ್ತೆ ನನ್ನವರಾ? ನನಗೆ ಮನೆಯಲ್ಲಿರುವ ಒಬ್ಬರೇ ಸಾಕು ಮಾರಾಯ್ತಿ!"

ಕೆನ್ನೆ ಬಿಸಿಯಾದರೂ ಲೋಲಾಕ್ಷಿ ಆ ಶನಿವಾರ ಕೇಳಿಯೇಬಿಟ್ಟಳು. ಶಂಭು ಕೈಯಲ್ಲಿದ್ದ ಪತ್ರಿಕೆ ಮಡಚಿ ಕೆಳಗಿಟ್ಟ.

"ಅದು ರಾಜಕೀಯ ಆಗ್ತದೆ ಲೋಲಾಕ್ಷಿ. ಹೋದ ವರ್ಷ ಸಂಘ ಬಂದ್‌ಗೆ ಬೆಂಬಲ ಕೊಟ್ಟಿತ್ತು. ಹುಡುಗರು ಎರಡು ಪಾಲಾಗಿ ಹೊಡೆದಾಡಿದ್ರು. ಒಬ್ಬನ ಕೈ ಮುರಿದು ಪರೀಕ್ಷೆಯೇ ತಪ್ಪಿತು. ಸಂಘ ಅಂದ್ರೆ ಎಲ್ಲರದ್ದೂ ಅಲ್ವಾ? ಒಂದು ಕಡೆ ನಿಂತರೆ ಇನ್ನೊಂದು ಕಡೆಯವರು ಎಲ್ಲಿಗೆ ಹೋಗುವುದು?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಅವಳ ಎದೆ ಸುಮ್ಮನಾಗಲಿಲ್ಲ.

"ಎಲೆ ಬರದಿದ್ದರೆ ಎಷ್ಟೋ ಮಕ್ಕಳು ಕಾಲೇಜು ಬಿಡ್ತಾರೆ. ಬಿಟ್ಟ ಮೇಲೆ ಅವರು ವಿದ್ಯಾರ್ಥಿಗಳೇ ಅಲ್ಲ... ಆಗ ಅವರು ಯಾವ ಸಂಘದ ಹತ್ರ ಹೋಗುವುದು? ನಾನು ಶಾಲೆ ಬಿಟ್ಟದ್ದು ಹಾಗೆಯೇ."

ಇಷ್ಟು ಉದ್ದದ ಮಾತನ್ನು ಅವಳು ಅವನೊಡನೆ ಆಡಿದ್ದು ಅದೇ ಮೊದಲು!

ಶಂಭು ಅವಳನ್ನೇ ನೋಡಿದ. "ಸಂಘದ ಸಭೆಯಲ್ಲಿ ಈ ವಿಷಯ ಇಡ್ತೇನೆ," ಎಂದ.

ಬುಧವಾರ ಸಂಜೆ ತಡೆಯಲಾರದೆ ಅವಳು ಕಾಲೇಜಿನ ಗೇಟಿನವರೆಗೆ ನಡೆದಳು. ನೋಟೀಸು ಬೋರ್ಡಿನಲ್ಲಿ ಹೊಸ ಕಾಗದವಿತ್ತು.

'ವಿದ್ಯಾರ್ಥಿ ಸಂಘವು ರಾಜಕೀಯ ವಿಷಯಗಳಲ್ಲಿ ನಿಲುವು ತಳೆಯುವುದಿಲ್ಲ. ಬೀಡಿ ಕಾರ್ಮಿಕರ ಮೆರವಣಿಗೆಗೆ ಸಂಘದ ಬೆಂಬಲ ಇರುವುದಿಲ್ಲ.'

ಕೆಳಗೆ ಸಹಿ. ಶಂಭು, ಅಧ್ಯಕ್ಷ.

ಅಕ್ಷರಗಳು ಮಂಜಾದವು... ಬ್ರಾಂಚಿನಲ್ಲಿ ಬೀಡಿ ಬೇಡವೆಂದು ಎಸೆಯುವವನೂ ರುಕ್ಮಯ್ಯನೇ, ಲೆಕ್ಕದ ಪುಸ್ತಕದಲ್ಲಿ ಸಹಿ ಹಾಕುವವನೂ ರುಕ್ಮಯ್ಯನೇ. ಸಹಿ ಹಾಕಿದವನೇ ಬೇಡ ಅಂದವನು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

'ನಮ್ಮನ್ನು ಬೇಡ ಅಂದದ್ದು ಅವರೇ!'

ಮುಂದಿನ ಎರಡು ಶನಿವಾರ ಅವಳು ಬ್ರಾಂಚಿಗೆ ಹೋಗಲಿಲ್ಲ. ಬೀಡಿಯನ್ನು ಸೈನಬಳ ಕೈಯಲ್ಲಿ ಕಳುಹಿಸಿದಳು.

ಮೆರವಣಿಗೆಯ ದಿನ ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಸುಡುಬಿಸಿಲು. ಸಾಲಿನ ಕೊನೆಯಲ್ಲಿ ನಡೆಯುತ್ತಿದ್ದ ಲೋಲಾಕ್ಷಿ ಯಾಕೋ ಹಿಂದೆ ತಿರುಗಿದಳು. ಕಾಲು ಅಲ್ಲೇ ನಿಂತಿತು.

ಶಂಭು!

ಅವನ ಪಕ್ಕದಲ್ಲಿ ಅವನದೇ ಮುಖದ, ನೂಲಿನ ಸೀರೆಯುಟ್ಟ ಹೆಂಗಸು, ಅವನ ಅಮ್ಮನೇ ಇರಬೇಕು. ಅವರ ಹಿಂದೆ ಇಪ್ಪತ್ತು ಮಂದಿ ಕಾಲೇಜಿನ ಹುಡುಗ ಹುಡುಗಿಯರು. ಬ್ಯಾನರಿಲ್ಲ, ಬಾವುಟವಿಲ್ಲ. ಅವಳು ಸರಕ್ಕನೆ ಮುಖ ತಿರುಗಿಸಿದಳು. ಆ ಗುಂಪಿನಿಂದ ಒಬ್ಬ ಹುಡುಗ ಬೇಗ ಬೇಗ ಅವಳ ಬಳಿ ಬಂದ.

"ಲೋಲಾಕ್ಷಿ ಅಂದ್ರೆ ನೀವಾ? ನಾನು ರಮೀಝ್, ಸಂಘದ ಕಾರ್ಯದರ್ಶಿ. ಸಭೆಯಲ್ಲಿ ಬೇಡ ಅಂತ ವಾದ ಮಾಡಿದ್ದು ನಾನು. ಶಂಭುವಿನ ಮೇಲೆ ಯಾಕೆ ಸಿಟ್ಟು?"

"ಸಿಟ್ಟಲ್ಲ... ಆದರೆ ಸಹಿ ಅವರದ್ದೇ ಅಲ್ವಾ?"

"ಅಧ್ಯಕ್ಷ ಅಲ್ವಾ! ಸೋತರೂ ಅವನೇ ಸಹಿ ಹಾಕಬೇಕು, ಅದು ನಿಯಮ. ಎಲ್ಲರೆದುರು ನಿಂತು 'ನನ್ನ ಅಮ್ಮ ಬೀಡಿ ಕಟ್ತಾರೆ, ನಾನು ಓದುವುದು ಅದರಲ್ಲೇ' ಅಂದ. ಇಡೀ ಹಾಲ್ ತಣ್ಣಗಾಯ್ತು. ಮತ ಹಾಕಿದಾಗ ಹನ್ನೊಂದು ಮತಗಳ ಅಂತರದಲ್ಲಿ ಸೋತ."

ಲೋಲಾಕ್ಷಿ ನಡಿಗೆ ನಿಧಾನ ಮಾಡಿದಳು. 'ಎಲ್ಲರೆದುರು... ಹೇಳಿದ್ರಾ?'

"ಮತ್ತೆ ನೀವು ಯಾಕೆ ಬಂದದ್ದು?"

"ಸಂಘ ಬರಬಾರದು ಅಂತ ಈಗಲೂ ಹೇಳ್ತೇನೆ. ರಮೀಝ್ ಬರಬಾರದು ಅಂತ ಯಾರು ಹೇಳಿದ್ದು? ನನ್ನ ಅಕ್ಕನೂ ಬೀಡಿ ಕಟ್ತಾಳೆ," ಎಂದು ನಕ್ಕು ಅವನು ಮುಂದೆ ಹೋದ.

ತಹಶೀಲ್ದಾರರು ಮನವಿ ತೆಗೆದುಕೊಂಡರು. ಬರುವ ವಾರ ಕಂಪನಿಯವರನ್ನು ಕರೆಸಿ ಮಾತಾಡುತ್ತೇನೆಂದರು. ಹೆಂಗಸರೆಲ್ಲ ಗಲಗಲ ಮಾತಾಡುತ್ತಾ ಬಸ್ಸಿನ ಕಡೆ ನಡೆದರು. ಶಂಭು ಲೋಲಾಕ್ಷಿಯ ಬಳಿ ಬಂದು ನಿಂತ. ರಸ್ತೆಯ ಬದಿಯಲ್ಲೇ, ನೂರು ಜನರ ಕಣ್ಣೆದುರು!

"ನನ್ನ ಹತ್ರ ಹೇಳಬಹುದಿತ್ತಲ್ಲ..." ಎಂದಳು ಅವಳು, ನೆಲ ನೋಡುತ್ತಾ.

"ಎರಡು ಶನಿವಾರ ಕಾದೆ. ಸೈನಬಕ್ಕ ನಿಮಗೆ ಜ್ವರ ಅಂದ್ರು."

"ಜ್ವರ ಇರಲಿಲ್ಲ."

"ಗೊತ್ತುಂಟು. ಅವರಿಗೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಸೋತದ್ದಕ್ಕೆ ಬೇಸರ ಉಂಟಾ?"

"ಉಂಟು. ಆದರೆ ಹನ್ನೊಂದೇ ಅಲ್ವಾ... ಬರುವ ವರ್ಷ ಯಾರಾದರೂ ಪುನಃ ಇಡ್ತಾರೆ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಅಮ್ಮನ ವಿಷಯ ಎಲ್ಲರೆದುರು ಹೇಳಿದ ಮೇಲೆ ಎದೆ ಹಗುರಾಯಿತು ಲೋಲಾಕ್ಷಿ. ಇನ್ನೊಬ್ಬರ ವಿಷಯವೂ ಹೇಳಬೇಕು ಅಂತ ಉಂಟು. ಅಮ್ಮನ ಹತ್ರ ಹೇಳಿ ಆಯಿತು. ಆ ಇನ್ನೊಬ್ಬರ ಹತ್ರವೇ ಹೇಳುವುದು ಬಾಕಿ."

"ಹಾಗಾದರೆ... ಹೇಳಿ."

"ನನಗೆ ನಿಮ್ಮ ಮೇಲೆ ಪ್ರೀತಿ ಉಂಟು."

ಅವಳು ಮೊದಲ ಬಾರಿಗೆ ತಲೆಯೆತ್ತಿ ಅವನನ್ನು ನೇರ ನೋಡಿದಳು.

"ನನಗೂ," ಎಂದಳು.

ಮೂಡುಬಿದಿರೆಯ ಬಸ್ಸು ಧೂಳೆಬ್ಬಿಸುತ್ತಾ ಬಂದು ನಿಂತಿತು. ಸೈನಬ ಫುಟ್‌ಬೋರ್ಡಿನ ಮೇಲಿಂದ ಕೈ ಬೀಸಿದಳು.

"ಬೇಗ ಹತ್ತಿ ಮಾರಾಯ್ರೆ, ಮತ್ತೆ ಸೀಟು ಸಿಗುವುದಿಲ್ಲ!"

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ರಸ್ತೆಬದಿಯಲ್ಲೇ ನಿಂತಿದ್ದರು.