ಶಾಪವಾಹಿ

ಕಂಪ್ಯೂಟರಿನ ಪರದೆಯ ಮೇಲೆ 'ಸಂಪರ್ಕವಿಲ್ಲ' ಎಂದು ಮೂಡಿದ್ದೇ ತಡ, ಚಂದ್ರವ್ವ ಹಲ್ಲು ಕಡಿದಳು. "ಇವನ ಬಾಯಾಗ ಮಣ್ಣ ಬೀಳ್ಲಿ!" ಮೇಜಿನ ಮೇಲಿದ್ದ ಶಾಪವಾಹಿ ಮಿನುಗಿತು. ಎಲ್ಲೋ ಒಬ್ಬ ಮನುಷ್ಯ ಬಿಕ್ಕಳಿಸಿದ. ಆಹಾ, ಎಂಥ ಸುಖ!

ಯಂತ್ರದ ಕೆಲಸ ಸರಳ. ಕಂಪ್ಯೂಟರ್ ಜಾಲ ಕಡಿದಾಗ ಆ ಕ್ಷಣಕ್ಕೆ ಅದಕ್ಕೆ ಹೊಣೆ ಯಾರೆಂದು ಅದು ಹುಡುಕುತ್ತದೆ. ಬೈಗುಳವನ್ನು ವಿದ್ಯುತ್ ಸ್ಪಂದನವಾಗಿಸಿ ಅವರ ಮಣಿಕಟ್ಟಿನ ಆರೋಗ್ಯಪಟ್ಟಿಗೆ ಕಳಿಸುತ್ತದೆ. ಆ ಕಾಲದಲ್ಲಿ ಪಟ್ಟಿ ಕಟ್ಟದ ಕೈಯೇ ಇರಲಿಲ್ಲ. ಸ್ಪಂದನ ತಲುಪಿದರೆ ಬಿಕ್ಕಳಿಕೆ ಖಚಿತ.

"ಯಾರಿಗೆ ಹೋಗ್ತದ್ರೀ ಇದು?" ಎಂದು ಅವಳು ಮೊದಲ ದಿನವೇ ಕೇಳಿದ್ದಳು.

"ತಪ್ಪು ಯಾರದೋ ಅವರಿಗೆ," ಎಂದಿದ್ದರು ಯಂತ್ರ ಕಂಡುಹಿಡಿದ ಡಾ. ಪರಿಮಳಾ. "ಇದಕ್ಕೆ ದಾಕ್ಷಿಣ್ಯ ಇಲ್ಲಮ್ಮ."

"ನನಗೂ ಇಲ್ರೀ."

ಇರುವುದಾದರೂ ಹೇಗೆ? ಅವಳು ದುಡಿಯುವ ಹುಬ್ಬಳ್ಳಿಯ ಸಾರಿಗೆ ಕಚೇರಿಯ ಕಂಪ್ಯೂಟರುಗಳಿಗೆ ಹೊಸ ಕಾರ್ಯವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್, ಬಂದಂದಿನಿಂದ, ಪಕ್ಕದಲ್ಲೇ ಇದ್ದ ಪ್ರಿಂಟರೂ ಅವಳ ಕಂಪ್ಯೂಟರಿಗೆ ಕಾಣುತ್ತಿರಲಿಲ್ಲ. ಮೇಲಧಿಕಾರಿಗಳ ಮುಂದೆಯೇ ಜಾಲ ಕೈಕೊಟ್ಟು, ಅವಳಿಗೆ ಬರಬೇಕಾದ ಬಡ್ತಿ ಬೇರೆಯವರ ಪಾಲಾಗಿತ್ತು. ಇವತ್ತು ಸಂಜೆಯೊಳಗೆ ವರದಿ ಹೋಗದಿದ್ದರೆ ನೌಕರಿಯೂ ಇಲ್ಲ ಎಂದು ಸಾಹೇಬರು ಹೇಳಿಬಿಟ್ಟಿದ್ದರು.

ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಬಿಕ್ಕಳಿಸುತ್ತ ನಿಂತ. ಅಡಿವೆಪ್ಪ, ಆ ವ್ಯವಸ್ಥೆಯ ಜಾಲದ ಭಾಗ ಬರೆದವನು; ಪಟ್ಟಿಗೆ ಬರುತ್ತಿದ್ದ ಸ್ಪಂದನದ ಜಾಡು ಹಿಡಿದು ಬಂದಿದ್ದ. ಊಟ ನಿದ್ದೆಯಿಲ್ಲದೆ ಕಣ್ಣು ಗುಳಿಬಿದ್ದಿದ್ದವು.

"ಅಕ್ಕಾರ, ತಪ್ಪು... ಹಿಕ್... ಸಿಕ್ಕೈತ್ರೀ. ಒಂದೀಟು ಬೈಯೂದು ನಿಲ್ಲಸ್ರಿ. ಬಿಕ್ಕಳಿಕಿ ಬಂದ್ರ ಬೆರಳು ತಪ್ತಾವ."

ಅವಳದೇ ಕುರ್ಚಿಯಲ್ಲಿ ಕುಳಿತು ಅವನು ಒಂದೊಂದೇ ಸಾಲು ತಿದ್ದತೊಡಗಿದ. ಚಂದ್ರವ್ವ ತುಟಿ ಬಿಗಿಹಿಡಿದು ನಿಂತಳು. ಇನ್ನೊಂದೇ ಸಾಲು ಉಳಿಯಿತು. "ಆತ್ರೀ," ಎಂದು ಅವನು ನಕ್ಕ. ಆ ನಗು ಕಂಡದ್ದೇ ಅವಳ ಹೊಟ್ಟೆಗೆ ಬೆಂಕಿ ಬಿತ್ತು. ತನ್ನ ಬಡ್ತಿ ನುಂಗಿದವನು ನಗುವುದೇ?

"ನಗತಿ ಏನೋ ಭಾಡ್ಯಾ! ನಿನ್ನ ಹೆಣಾ ಎತ್ಲಿ!"

ಹಿಕ್! ಬೆರಳು ಜಾರಿತು. ತಿದ್ದಿದ್ದೆಲ್ಲ ಅಳಿಸಿಹೋಯಿತು, ಇಡೀ ಕಚೇರಿಯ ಜಾಲ ಒಮ್ಮೆಲೇ ಕಡಿಯಿತು.

ಒಳಕೋಣೆಯಲ್ಲಿ ಸಾಹೇಬರು ಗುಡುಗಿದರು: "ಯಾವ ಮುಟ್ಠಾಳನ ಕೆಲಸಾ ಇದು?"

ಶಾಪವಾಹಿ ಮಿನುಗಿತು. ಅಡಿವೆಪ್ಪ ಎದೆ ಹಿಡಿದುಕೊಂಡು ಕಾದ. ಅವನಿಗೆ ಏನೂ ಆಗಲಿಲ್ಲ. ಬಿಕ್ಕಳಿಸಿದವಳು ಚಂದ್ರವ್ವ.

ಬಿಕ್ಕಳಿಸುವವರು ಯಾರೆಂದು ನೋಡಲು ಸಾಹೇಬರು ಹೊರಗೆ ಬಂದೇಬಿಟ್ಟರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹಿಕ್!" ಎಂದ ಅಡಿವೆಪ್ಪ, ಬೇಕೆಂದೇ. "ನಂದ ರೀ ತಪ್ಪು. ಅಕ್ಕಾರದೇನೂ ಇಲ್ರಿ."

ಸಾಹೇಬರು ಅವನಿಗೆ ಬಾಯಿಗೆ ಬಂದಂತೆ ಬೈದರು. ಒಂದೊಂದು ಬೈಗುಳಕ್ಕೂ ಚಂದ್ರವ್ವ ಸೆರಗಿನೊಳಗೆ ಬಿಕ್ಕಳಿಸುತ್ತಿದ್ದಳು. ಆ ಸದ್ದು ಕೇಳಿಸದಂತೆ ಅವನು ಇನ್ನೂ ಜೋರಾಗಿ ಬಿಕ್ಕಳಿಸುತ್ತಿದ್ದ.